ನರ್ಸಿನ ಕೈಗೆ ಕಲಮು ಕೊಡಿ

ಬಜಪೆಯ ವಿಮಾನ ನಿಲ್ದಾಣದಿಂದ ಗಲ್ಫಿಗೆ ಹೊರಡುವವರಲ್ಲಿ ಕಟ್ಟಡ ಕೆಲಸದವರು, ಅಂಗಡಿ ನೌಕರರು, ಡ್ರೈವರುಗಳ ಜೊತೆಗೆ ಮಂಗಳೂರಿನಲ್ಲಿ ಕಲಿತ ನರ್ಸ್‌ಗಳೂ ಇರುತ್ತಾರೆ. ಅವರಲ್ಲಿ ಕೆಲವರು ಮುಂದೆ ಬ್ರಿಟನ್ ಸೇರುತ್ತಾರೆ. ಅಲ್ಲಿ ಹೆಚ್ಚುವರಿ ತರಬೇತಿ ಪಡೆದ ನರ್ಸ್, ತನ್ನ ಪರಿಣತಿಯ ವ್ಯಾಪ್ತಿಯೊಳಗೆ ತಾನೇ ಔಷಧ ಬರೆಯಬಹುದು. 2006ರಿಂದ ಆ ಅಧಿಕಾರ ಬಹುಮಟ್ಟಿಗೆ ಪೂರ್ಣವಾಗಿ ಸಿಕ್ಕಿದೆ. ಅದೇ ಹೆಣ್ಣುಮಗಳು ಊರಿನಲ್ಲೇ ಉಳಿದರೆ? ವರ್ಷಗಟ್ಟಲೆ ಒಂದೇ ಮಾತ್ರೆ ನುಂಗುತ್ತಿರುವ ರೋಗಿಗೆ ಅದೇ ಮಾತ್ರೆಯನ್ನು ಮತ್ತೊಮ್ಮೆ ಬರೆದುಕೊಡುವ ಹಕ್ಕೂ ಆಕೆಗಿಲ್ಲ. ಸಮುದ್ರ ದಾಟಿದ ಮೇಲೆ ಬರುವ ಯೋಗ್ಯತೆ ನಮ್ಮೂರಲ್ಲಿ ಎಲ್ಲಿ ಹೋಗಿರುತ್ತದೆ?

ನಾನು ಹೇಳಹೊರಟಿರುವುದು ಎಚ್‌ಐವಿ ಮದ್ದಿನ ವಿಷಯ. ಒಂದು ಕಾಲದಲ್ಲಿ ಇದು ಶ್ರೀಮಂತರ ಮದ್ದಾಗಿತ್ತು. ವಿದೇಶಿ ಕಂಪನಿಗಳು ವರ್ಷದ ಚಿಕಿತ್ಸೆಗೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಕೇಳುತ್ತಿದ್ದ ದಿನಗಳಲ್ಲಿ, 2001ರಲ್ಲಿ, ಸಿಪ್ಲಾದ ಯೂಸುಫ್ ಹಮೀದ್ ಅದನ್ನು 350 ಡಾಲರಿಗೆ ಕೊಡುತ್ತೇನೆಂದರು. ನಮ್ಮ ಸರಕಾರ 2004ರ ಎಪ್ರಿಲ್ 1ರಂದು ಉಚಿತ ಚಿಕಿತ್ಸೆ ಆರಂಭಿಸಿತು. 2017ರಿಂದ ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ಚಿಕಿತ್ಸೆ ಎಂದಾಯಿತು. ಇಂದು ಹೆಚ್ಚಿನವರಿಗೆ ಮೂರು ಔಷಧ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಮಾತ್ರೆ ಅಗ್ಗವಾಯಿತು, ಸರಳವಾಯಿತು. ಅದನ್ನು ಬರೆಯುವ ಕೈ ಮಾತ್ರ ದೂರದಲ್ಲೇ ಉಳಿಯಿತು.

ಎಷ್ಟು ದೂರ? ಬಜಪೆಯಿಂದ ಕಾವೂರು ದಾರಿಯಾಗಿ ಬಸ್ಸು ಹಿಡಿದರೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಸಿಗುತ್ತದೆ, ಅಲ್ಲಿ ಎಆರ್‌ಟಿ ಕೇಂದ್ರವಿದೆ. ಇಷ್ಟೇ ತಾನೆ ಎನ್ನುವವರಿದ್ದಾರೆ. ಈ ಕಿಲೋಮೀಟರಿನ ಲೆಕ್ಕ ಗಂಡಸರದ್ದು. ಗಲ್ಫಿನ ಮೆಡಿಕಲ್‌ನಲ್ಲಿ ಎಚ್‌ಐವಿ ಕಂಡುಬಂದರೆ ಆತ ‘ಅನ್‌ಫಿಟ್’. ಕೆಲಸದಲ್ಲಿದ್ದವನನ್ನೂ ವಾಪಸು ಕಳಿಸುತ್ತಾರೆ. ಊರಿಗೆ ಬಂದವನು ಕಾರಣ ಹೇಳುವುದಿಲ್ಲ. ಹೆಂಡತಿಗೆ ಗೊತ್ತಾಗುವುದು ಬಸಿರಿಯಾಗಿ ರಕ್ತ ಪರೀಕ್ಷೆಗೆ ಹೋದಾಗ. ಆಮೇಲೆ ಆಕೆ ಮದ್ದಿಗೆ ಹೊರಟಾಗಲೆಲ್ಲ ಮನೆಯಲ್ಲಿ ಪ್ರಶ್ನೆ: ‘ಪುನಃ ಮಂಗಳೂರಿಗೆ ಯಾಕೆ?’ ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಕ್ರಮ ಬಂದಿದೆ, ಒಳ್ಳೆಯದೇ. ಆದರೆ ವರ್ಷಕ್ಕೆ ನಾಲ್ಕು ಸುಳ್ಳು ಹೇಳಿಯೇ ಬದುಕಬೇಕಾದವಳಿಗೆ ನಾಲ್ಕೂ ಭಾರವೇ.

ಇಲ್ಲಿ ಒಂದು ಮಾತು ಕೇಳಿಬರುತ್ತದೆ: ಮದ್ದು ಕೈಗೆಟಕಿದರೆ, ಅದರಲ್ಲೂ ಸೋಂಕು ತಗಲದಂತೆ ಮೊದಲೇ ನುಂಗುವ ಮಾತ್ರೆ ಸುಲಭವಾಗಿ ಸಿಕ್ಕರೆ, ಅನೈತಿಕತೆ ಬೆಳೆಯುತ್ತದೆ. ಹಾಗಾದರೆ ನಿಕಾಹಿನ ಚೌಕಟ್ಟು ದಾಟದ ಆ ಹೆಂಡತಿಯ ತಪ್ಪೇನು? ಹೊಟ್ಟೆಯೊಳಗಿನ ಕೂಸಿನ ತಪ್ಪೇನು? ರೋಗಿಯ ರಕ್ತವಿದ್ದ ಸೂಜಿ ಚುಚ್ಚಿಸಿಕೊಂಡ ನರ್ಸಿನ ತಪ್ಪೇನು? ಅವಳಿಗೆ ತಡೆಮದ್ದು 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. ಗಂಟೆಗಳ ಲೆಕ್ಕದ ಮದ್ದಿಗೆ ಡಾಕ್ಟರ ದಾರಿ ಕಾಯುವುದು ಯಾವ ನೀತಿ? ಇನ್ನು ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬ ತೀರ್ಪು ಆಸ್ಪತ್ರೆಯ ಕೆಲಸವಲ್ಲ. ಆ ಲೆಕ್ಕ ಕೇಳುವವನು ಬೇರೆ ಇದ್ದಾನೆ.

ಕಾನೂನು ಇಲ್ಲವೇ? ಇದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ ಕಲಂ 32, ಸೂಕ್ತ ಅರ್ಹತೆಯುಳ್ಳ ಆರೋಗ್ಯ ಕಾರ್ಯಕರ್ತರಿಗೆ ಸೀಮಿತ ಪರವಾನಗಿ ಕೊಡಬಹುದೆನ್ನುತ್ತದೆ. ಪ್ರಾಥಮಿಕ ಮತ್ತು ರೋಗತಡೆಯ ಆರೈಕೆಯಲ್ಲಿ ಗೊತ್ತುಪಡಿಸಿದ ಔಷಧಗಳನ್ನು ಅವರು ಸ್ವತಂತ್ರವಾಗಿ, ಉಳಿದಂತೆ ವೈದ್ಯರ ಮೇಲ್ವಿಚಾರಣೆಯಲ್ಲಿ ಬರೆಯಬಹುದು. ಭಾರತೀಯ ವೈದ್ಯಕೀಯ ಸಂಘ ಇದನ್ನು ನಕಲಿ ವೈದ್ಯರಿಗೆ ಬಾಗಿಲು ತೆರೆದಂತೆ ಎಂದು ಕರೆದು 2019ರ ಜುಲೈ 31ರಂದು ದೇಶವ್ಯಾಪಿ ಮುಷ್ಕರ ಹೂಡಿತು. ಫಲವೇನು? ಕಾಯಿದೆಯಲ್ಲಿ ಕಲಂ ಇದೆ, ನರ್ಸಿನ ಕೈಯಲ್ಲಿ ಕಲಮು ಇಲ್ಲ.

ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದವಳನ್ನು ನಕಲಿ ವೈದ್ಯನ ಜೊತೆ ತಕ್ಕಡಿಗೆ ಹಾಕುವುದು ಅವಮಾನ. ರಕ್ತ ತೆಗೆಯುವವಳು ಅವಳು, ಹೆರಿಗೆ ಮಾಡಿಸುವವಳು ಅವಳು, ಮಾತ್ರೆ ತಪ್ಪಿಸಿದವನನ್ನು ಗದರಿಸಿ ಮತ್ತೆ ದಾರಿಗೆ ತರುವವಳೂ ಅವಳೇ. ಜವಾಬ್ದಾರಿಯೆಲ್ಲ ಅವಳದ್ದು, ಸಹಿ ಮಾತ್ರ ಇನ್ನೊಬ್ಬರದ್ದು!

ಬಡವರಿಗೆ ಎರಡನೇ ದರ್ಜೆಯ ಚಿಕಿತ್ಸೆಯೇ ಎಂಬ ಆಕ್ಷೇಪವನ್ನು ಮಾತ್ರ ಗಂಭೀರವಾಗಿ ಕೇಳಬೇಕು. ಉತ್ತರ ದಕ್ಷಿಣ ಆಫ್ರಿಕಾದಲ್ಲಿದೆ. ಅಲ್ಲಿ ಡಾಕ್ಟರುಗಳು ನೋಡಿಕೊಂಡ ರೋಗಿಗಳನ್ನೂ ತರಬೇತಾದ ನರ್ಸ್‌ಗಳು ನೋಡಿಕೊಂಡ ರೋಗಿಗಳನ್ನೂ ಹೋಲಿಸಿದ ಅಧ್ಯಯನ 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಫ್ರೀ ಸ್ಟೇಟ್ ಪ್ರಾಂತ್ಯದ 31 ಚಿಕಿತ್ಸಾ ಕೇಂದ್ರಗಳ ಅಧ್ಯಯನ 2012ರಲ್ಲಿ ಬಂತು. ನರ್ಸ್‌ಗಳ ಆರೈಕೆ ಡಾಕ್ಟರುಗಳದ್ದಕ್ಕಿಂತ ಕಡಿಮೆಯೇನಲ್ಲ ಎಂಬುದೇ ಎರಡರ ಸಾರಾಂಶ. ತರಬೇತಾದ ನರ್ಸ್‌ಗಳು ಚಿಕಿತ್ಸೆ ಆರಂಭಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಎಲ್ಲವನ್ನೂ ನರ್ಸ್ ಮಾಡಲಿ ಎಂದು ನಾನು ಹೇಳುತ್ತಿಲ್ಲ. ಕ್ಷಯ ಜೊತೆಗಿರುವವರು, ಮೂತ್ರಪಿಂಡದ ತೊಂದರೆಯವರು, ಪುಟ್ಟ ಮಕ್ಕಳು, ಮೊದಲ ಮದ್ದಿಗೆ ಬಗ್ಗದವರು ಡಾಕ್ಟರ ಬಳಿಗೇ ಹೋಗಲಿ. ಆರೋಗ್ಯ ಸ್ಥಿರವಾಗಿರುವವರ ಮಾತ್ರೆ, ಸೂಜಿ ಚುಚ್ಚಿದವರ ತುರ್ತು ಮದ್ದು, ಸೋಂಕಿನ ಅಪಾಯವಿರುವವರ ತಡೆಮಾತ್ರೆ, ಈ ಮೂರರ ಕಲಮು ನರ್ಸಿಗೆ ಬರಲಿ. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಕಾಪವಿರ್ ಎಂಬ ತಡೆಮದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಶಿಫಾರಸು ಮಾಡಿದೆ. ಅದು ನಮ್ಮೂರಿಗೆ ಬಂದ ದಿನ ಚುಚ್ಚುವ ಕೈ ಯಾರದ್ದೆಂದು ಬೇರೆ ಹೇಳಬೇಕೆ?

ಕೊನೆಯದು, ಎಲ್ಲಕ್ಕಿಂತ ದೊಡ್ಡ ಅಂಜಿಕೆ: ಊರಿನ ಸಿಸ್ಟರಿಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ, ಇಜ್ಜತ್ ಹೋದಂತೆ. ಈ ಅಂಜಿಕೆ ಸುಳ್ಳಲ್ಲ. ಆದುದರಿಂದಲೇ ಯಾರನ್ನೂ ಒಂದೇ ಕೇಂದ್ರಕ್ಕೆ ಕಟ್ಟಿಹಾಕಬಾರದು. ಬಜಪೆಯವರು ಸುರತ್ಕಲ್ಲಿಗೆ, ಸುರತ್ಕಲ್ಲಿನವರು ಬಜಪೆಗೆ ಹೋಗುವಂತಿರಲಿ. ಎಚ್‌ಐವಿಗೆಂದೇ ಇರುವ ಕೋಣೆಯ ಮುಂದೆ ನಿಂತವರನ್ನು ಕಂಡವರು ಊಹಿಸುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮದ್ದಿನ ಸಾಲಿನಲ್ಲಿ ನಿಂತವಳ ಚೀಲದಲ್ಲಿ ಯಾವ ಮಾತ್ರೆಯಿದೆಯೆಂದು ಯಾರಿಗೆ ಗೊತ್ತು? ಗುಟ್ಟು ಬಿಟ್ಟುಕೊಡುವುದು ಕಾನೂನುಬಾಹಿರವೆಂಬುದನ್ನು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪಾಠದೊಂದಿಗೆ, ತರಬೇತಿಯ ಮೊದಲ ದಿನವೇ ಕಲಿಸಬೇಕು.

ರಾಜ್ಯ ಸರಕಾರ, ಏಡ್ಸ್ ಪ್ರಿವೆನ್ಷನ್ ಸೊಸೈಟಿ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಒಟ್ಟಿಗೆ ಕುಳಿತು ಒಂದು ಪಠ್ಯಕ್ರಮ ರೂಪಿಸಲಿ. ಕಲಂ 32ಕ್ಕೆ ಜೀವ ಕೊಡಿ ಎಂದು ದಿಲ್ಲಿಯನ್ನು ಒತ್ತಾಯಿಸಲಿ. ಮೊದಲ ತಂಡಕ್ಕೆ ನರ್ಸಿಂಗ್ ಕಾಲೇಜುಗಳೇ ತುಂಬಿರುವ ಈ ಜಿಲ್ಲೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಲೋಕಕ್ಕೆಲ್ಲ ನರ್ಸ್‌ಗಳನ್ನು ಕೊಡುವ ಊರಿಗೆ, ತನ್ನ ಹೆಣ್ಣುಮಕ್ಕಳ ಮದ್ದಿಗೊಬ್ಬ ನರ್ಸನ್ನು ನಂಬುವಷ್ಟು ಧೈರ್ಯ ಬೇಡವೇ?