ಕೊಲೆಸ್ಟ್ರಾಲ್ ಮಾತ್ರೆ ಬಿಡುವ ಮುನ್ನ

“ಹಕೀಮ್ ಸಾಬ್, ಆ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿ, ನಿಮ್ಮ ದವಾ ಏನಾದರೂ ಕೊಡಿ.” ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಬರುವವರು ಆಗಾಗ ಹೀಗೆ ಕೇಳುತ್ತಾರೆ. ಯುನಾನಿ ವೈದ್ಯನಾದ್ದರಿಂದ ನಾನು ತಕ್ಷಣ ಒಪ್ಪಿಕೊಳ್ಳುತ್ತೇನೆ ಎಂಬ ನಂಬಿಕೆ ಅವರದು. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಈ ಮಾತ್ರೆಯನ್ನು ನಿಮಗೆ ಬರೆದುಕೊಟ್ಟದ್ದು ಏಕೆ? ಹಲವರಿಗೆ ಉತ್ತರ ಗೊತ್ತಿರುವುದಿಲ್ಲ. ಅಲ್ಲಿಂದಲೇ ತೊಂದರೆ ಶುರು.

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನದಿಂದ ಒಂದರ ಮೇಲೊಂದು ಹೃದಯಾಘಾತದ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದರು. ಭಯದಿಂದ ರಕ್ತ ಪರೀಕ್ಷೆ, ಪರೀಕ್ಷೆಯಿಂದ ಮಾತ್ರೆ. ಆಮೇಲೆ ಮೊಬೈಲಿಗೆ ಬಂದ ಸಂದೇಶ ನೋಡಿ, ‘ಈ ಮಾತ್ರೆ ಲಿವರ್ ತಿನ್ನುತ್ತದೆ, ಕಾಲು ಕುಂದಿಸುತ್ತದೆ’ ಎಂದು ಇನ್ನೊಂದು ಭಯ. ಭಯದಿಂದ ಶುರುಮಾಡಿದ್ದನ್ನು ಭಯದಿಂದಲೇ ಬಿಡುವುದು ಯಾವ ಚಿಕಿತ್ಸೆ?

ಮೊದಲು ‘ಅದು ಕೆಮಿಕಲ್, ನಮ್ಮದು ಪ್ರಕೃತಿ’ ಎಂಬ ಮಾತನ್ನು ಬದಿಗಿಡೋಣ. ಸ್ಟ್ಯಾಟಿನ್ ಎಂಬ ಈ ಔಷಧಿ ಹುಟ್ಟಿದ್ದು ಬೂಷ್ಟಿನಿಂದ. 1970ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಸಾವಿರಾರು ಬಗೆಯ ಶಿಲೀಂಧ್ರಗಳನ್ನು ಪರೀಕ್ಷಿಸುತ್ತಾ, ಕ್ಯೋಟೊದ ದಿನಸಿ ಅಂಗಡಿಯೊಂದರ ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಲ್ಲಿ ಇದನ್ನು ಕಂಡರು. ಚೀನಿಯರು ಬಳಸುವ ಕೆಂಪು ಯೀಸ್ಟ್ ಅಕ್ಕಿಯಲ್ಲೂ ಇದೇ ಗುಂಪಿನ ವಸ್ತುವಿದೆ. ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾರಿಗೆ, ಎಷ್ಟು ಉಪಯೋಗ ಎನ್ನುವುದೇ ಮುಖ್ಯ.

ಹೃದಯಾಘಾತ ಆಗಿದೆ, ಸ್ಟೆಂಟ್ ಹಾಕಿದ್ದಾರೆ, ಇಲ್ಲವೇ ರಕ್ತನಾಳ ಕಟ್ಟಿ ಪಾರ್ಶ್ವವಾಯು ಬಂದಿದೆ. ನೀವು ಇಂಥವರಾದರೆ ನನ್ನ ಮಾತು ನೇರ: ಮಾತ್ರೆ ಬಿಡಬೇಡಿ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾಯಿತು. ಔಷಧಿಯಿಲ್ಲದ ಖಾಲಿ ಮಾತ್ರೆ ಪಡೆದವರಲ್ಲಿ ನೂರಕ್ಕೆ ಸುಮಾರು 12 ಮಂದಿ ತೀರಿಕೊಂಡರೆ, ಸ್ಟ್ಯಾಟಿನ್ ಪಡೆದವರಲ್ಲಿ 8 ಮಂದಿ. ನೂರು ಮನೆಗಳಲ್ಲಿ ನಾಲ್ಕು ಮನೆಯ ಯಜಮಾನರು ಉಳಿದರು ಎಂದರೆ ಸಣ್ಣ ಸಂಗತಿಯೇ? ಬೆಳ್ಳುಳ್ಳಿ, ಕಲೋಂಜಿ, ಸಿರ್ಕಾ ಊಟದಲ್ಲಿ ಇರಲಿ, ನಾನೂ ಹೇಳುತ್ತೇನೆ. ಆದರೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅವು ಈ ಮಾತ್ರೆಯ ಬದಲಿ ಅಲ್ಲ. ಬದಲಿ ಎಂದು ಮಾರುವವರು ನಮ್ಮ ಪದ್ಧತಿಯ ಹೆಸರನ್ನೇ ಕೆಡಿಸುತ್ತಿದ್ದಾರೆ.

ಇನ್ನೂ ಏನೂ ಆಗಿಲ್ಲದವರ ಲೆಕ್ಕ ಬೇರೆ. ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಸುಮಾರು ಐದನೇ ಒಂದು ಭಾಗ ತಗ್ಗುತ್ತದೆ. ಆದರೆ ಯಾವುದರಲ್ಲಿ ಐದನೇ ಒಂದು? ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಮೂರೂ ಇರುವ ಅರವತ್ತರ ವ್ಯಕ್ತಿಗೆ ಹತ್ತು ವರ್ಷದ ಅಪಾಯ ನೂರಕ್ಕೆ 30 ಎಂದಿಟ್ಟುಕೊಳ್ಳಿ. ಅಂಥ ನೂರು ಮಂದಿಯಲ್ಲಿ ಆರು ಮಂದಿ ಪಾರಾಗುತ್ತಾರೆ. ಬೇರೆ ಯಾವ ಕಾಯಿಲೆಯೂ ಇಲ್ಲದ, ಅಪಾಯ ನೂರಕ್ಕೆ 2 ಇರುವ ಮೂವತ್ತೈದರ ಹೆಣ್ಣುಮಗಳ ವಿಷಯದಲ್ಲಿ, ನೂರರಲ್ಲಿ ಒಬ್ಬರಿಗೂ ಪೂರ್ತಿ ಲಾಭ ಸಿಗುವುದಿಲ್ಲ. ಲ್ಯಾಬ್ ಚೀಟಿಯಲ್ಲಿ ಒಂದು ಅಂಕ ಸ್ವಲ್ಪ ಹೆಚ್ಚಿದೆ ಎಂದು ಎರಡು ನಿಮಿಷದಲ್ಲಿ ಇಂಥವರಿಗೆ ಮಾತ್ರೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಥೈರಾಯ್ಡ್ ನೋಡಿಸಿ. ಅದು ಕುಂದಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ಆಮೇಲೆ ಮೂರು ತಿಂಗಳು ‘ಇಲಾಜ್ ಬಿಲ್ ಗಿಝಾ’, ಅಂದರೆ ಆಹಾರವೇ ಚಿಕಿತ್ಸೆ: ಡಾಲ್ಡಾ, ಬೇಕರಿ ತಿಂಡಿ ಬಂದ್, ಪಾಯಾ ಮತ್ತು ನಲ್ಲಿ ಹಬ್ಬಕ್ಕೆ ಮಾತ್ರ, ವಾರದ ದಿನಗಳಲ್ಲಿ ನಮ್ಮ ಸೀಮೆಯ ರಾಗಿ ಮುದ್ದೆ, ಹುರುಳಿ, ಸೊಪ್ಪಿನ ಸಾರು, ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ. ಗರ್ಭಿಣಿಯಾಗುವ ಯೋಚನೆ ಇದ್ದರೆ ಅದನ್ನೂ ವೈದ್ಯರಿಗೆ ಮೊದಲೇ ಹೇಳಬೇಕು.

ಎಲ್‌ಡಿಎಲ್ 190 ದಾಟಿದ್ದರೆ ಮಾತ್ರ ವಯಸ್ಸು ನೋಡಿ ನಿರ್ಲಕ್ಷಿಸಬೇಡಿ. ಅದು ವಂಶದಿಂದ ಬಂದದ್ದಿರಬಹುದು. ರಕ್ತಸಂಬಂಧದಲ್ಲಿ ಮದುವೆ ಮಾಡುವ ಕುಟುಂಬಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ಇದು ಮಗುವಿಗೆ ಇಳಿಯುವ ಸಂಭವ ಹೆಚ್ಚು. ಅಂಥ ಮಕ್ಕಳ ಮೊಣಕೈ, ಮಂಡಿಗಳ ಮೇಲೆ ಹಳದಿ ಗಂಟುಗಳು ಏಳುತ್ತವೆ. ಕಂಡರೆ ಮುಲಾಮು ಹಚ್ಚುತ್ತಾ ಕೂರದೆ ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಕಾಲು ನೋವು. ಮಾತ್ರೆ ಬಿಡುವವರು ಹೆಚ್ಚಾಗಿ ಹೇಳುವ ಕಾರಣವೇ ಇದು. 2022ರಲ್ಲಿ ದೊಡ್ಡ ದೊಡ್ಡ ಪರೀಕ್ಷೆಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಸ್ಟ್ಯಾಟಿನ್ ತಿಂದು ಸ್ನಾಯು ನೋವು ಎಂದವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿಯ ನೋವಿಗೆ ಮಾತ್ರೆ ಕಾರಣವಾಗಿರಲಿಲ್ಲ. ಖಾಲಿ ಮಾತ್ರೆ ತಿಂದವರೂ ಹೆಚ್ಚುಕಡಿಮೆ ಅಷ್ಟೇ ನರಳಿದ್ದರು. ನಮ್ಮ ಜಿಲ್ಲೆಯಲ್ಲಂತೂ ಕಾಲು ನೋಯಲು ಬೇರೆ ಕಾರಣಗಳಿಗೆ ಬರವಿಲ್ಲ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯಲ್ಲಿ ಬಿಸಿನೀರಿನ ಮುಂದೆ ದಿನವಿಡೀ ನಿಲ್ಲುವ ಹೆಂಗಸರ ಕಾಲು ಯಾವ ಮಾತ್ರೆಯೂ ಇಲ್ಲದೆ ನೋಯುತ್ತದೆ. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಮೂಳೆ, ಕೀಲು ಹಿಡಿಸುತ್ತದೆ. ಬಿಸಿಲೇ ಕಾಣದೆ ವಿಟಮಿನ್ ಡಿ ಕೊರತೆಯಾದವರೂ ಇದ್ದಾರೆ. ಹಾಗೆಂದು ಎಲ್ಲ ನೋವನ್ನೂ ತಳ್ಳಿಹಾಕುವಂತಿಲ್ಲ. ಮಾತ್ರೆ ಶುರುವಾದ ಮೇಲೆ ಎರಡೂ ತೊಡೆ, ಭುಜಗಳಲ್ಲಿ ವಿಪರೀತ ನೋವು, ನಿಶ್ಶಕ್ತಿ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗುವುದು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಕಿಡ್ನಿಗೆ ಅಪಾಯ. ಸಾಧಾರಣ ನೋವಾದರೆ ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸಬಹುದು. ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಸಕ್ಕರೆ ಕಾಯಿಲೆಯ ಅಪಾಯ ಸ್ವಲ್ಪ ಹೆಚ್ಚುವುದು ನಿಜ: ಸುಮಾರು 250 ಮಂದಿ ನಾಲ್ಕು ವರ್ಷ ನುಂಗಿದರೆ ಒಬ್ಬರಿಗೆ ಹೆಚ್ಚುವರಿಯಾಗಿ ಬರಬಹುದು, ಅದೂ ಹೆಚ್ಚಾಗಿ ಅಂಚಿನಲ್ಲಿದ್ದವರಿಗೆ. ಲಿವರ್‌ಗೆ ಗಂಭೀರ ಹಾನಿ ತೀರಾ ವಿರಳ. ಲೇಬಲ್ ಇಲ್ಲದ ನೋವಿನ ಪುಡಿ, ಯಾರು ತಯಾರಿಸಿದರೆಂದು ತಿಳಿಯದ ಕುಶ್ತಾಗಳ ಬಗ್ಗೆ ನನಗಿರುವ ಹೆದರಿಕೆ ಈ ಮಾತ್ರೆಯ ಬಗ್ಗೆ ಇಲ್ಲ. ಏನು ತಿನ್ನುತ್ತಿದ್ದರೂ, ನಮ್ಮ ಮಾಜೂನ್ ಆಗಿದ್ದರೂ ಸರಿ, ಹೃದಯದ ಡಾಕ್ಟರ್‌ಗೆ ಮುಚ್ಚಿಡಬೇಡಿ.

ಪಕ್ಕದ ದೇವನಹಳ್ಳಿಯ ಚಕ್ಕೋತ ಪ್ರಿಯರಿಗೂ ಒಂದು ಮಾತು. ಗ್ರೇಪ್‌ಫ್ರೂಟ್ ಹಣ್ಣು ಸಿಮ್ವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್‌ಗಳನ್ನು ರಕ್ತದಲ್ಲಿ ಹೆಚ್ಚಿಸುತ್ತದೆ. ಚಕ್ಕೋತ ಅದೇ ಕುಲದ್ದು, ಅದೇ ಬಗೆಯ ಅಂಶ ಇದರಲ್ಲೂ ಇದೆ. ಈ ಮಾತ್ರೆ ನುಂಗುವವರು ಹೆಚ್ಚು ತಿನ್ನದಿರುವುದು ಒಳ್ಳೆಯದು.

ಜೆಲಟಿನ್ ಬಗ್ಗೆ ಕೇಳುವವರಿದ್ದಾರೆ. ಸ್ಟ್ಯಾಟಿನ್ ಸಾಮಾನ್ಯವಾಗಿ ಮಾತ್ರೆಯ ರೂಪದಲ್ಲೇ ಇರುತ್ತದೆ. ರಕ್ತ ತೆಳುಮಾಡುವ ಔಷಧಿ ಸೇರಿಸಿದ ಕ್ಯಾಪ್ಸೂಲ್ ಕೊಟ್ಟಿದ್ದರೆ, ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಲು ಕೇಳಿ. ಬೆಲೆ ಭಾರವೆನಿಸಿದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ರಮಝಾನ್ ಬಂತೆಂದು ತಿಂಗಳಿಡೀ ಬಿಡುವ ಅಗತ್ಯವಂತೂ ಇಲ್ಲವೇ ಇಲ್ಲ. ಅಟೋರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಎರಡನ್ನೂ ದಿನದ ಯಾವ ಹೊತ್ತಿಗೂ ತೆಗೆದುಕೊಳ್ಳಬಹುದು. ಇಫ್ತಾರ್ ನಂತರವೋ ಸಹ್ರಿಗೋ ಒಂದು ಹೊತ್ತು ಗೊತ್ತುಮಾಡಿಕೊಂಡು ತಿಂಗಳು ಪೂರ್ತಿ ಅದನ್ನೇ ಪಾಲಿಸಿ.