ಅನಿಮೆ ತಪ್ಪಲ್ಲ, ಕೆಳಗೆ ಓಡೋ ಇಂಗ್ಲಿಷ್ ಸಾಲು ತಪ್ಪು (ಭಾಗ 3)

ಹೋದ ಪೋಸ್ಟಿಗೆ ಬಂದ ಕಾಮೆಂಟಲ್ಲಿ ಎರಡು ಪಾರ್ಟಿ. ಒಂದು, "ಅನಿಮೆ ನೋಡಿ ಜಪಾನೀಸ್ ಕಲಿತ್ರೆ ರೌಡಿ ಥರ ಮಾತಾಡ್ತೀರ." ಇನ್ನೊಂದು, "ನರುಟೊ ಪೂರ್ತಿ ಮುಗಿಸಿದೀನಿ, ಅರ್ಧ ಭಾಷೆ ಬಂದೇಬಿಟ್ಟಿದೆ." ಇಬ್ಬರಿಗೂ ಉತ್ತರ ಕೊಡ್ತೀನಿ, ಇರಿ. ಅದಕ್ಕೂ ಮುಂಚೆ ಡಿಎಂಗೆ ಬಂದ ಇನ್ನೊಂದು ಮಾತು: "ನಂದು ಕನ್ನಡ ಮೀಡಿಯಂ, ಇಂಗ್ಲಿಷೇ ಅಷ್ಟಕ್ಕಷ್ಟೆ. ಜಪಾನೀಸ್ ನಮ್ಮಂಥೋರಿಗಲ್ಲ ಬಿಡಿ."

ಓದಿ ಸಿಟ್ಟು ಬಂತು. ಬರೆದವರ ಮೇಲಲ್ಲ, ಹಾಗಂತ ನಂಬಿಸಿದವರ ಮೇಲೆ.

ಸ್ವಲ್ಪ ಜೋರಾಗಿ ಓದಿ. "ಕಿನೋ ಕತ್ತ ಹೊನ್": ನಿನ್ನೆ ಕೊಂಡ ಪುಸ್ತಕ. ಪದಕ್ಕೆ ಪದ, ಅದೇ ಕ್ರಮ. ಇಂಗ್ಲಿಷಲ್ಲಿ ಇದನ್ನ ಹೇಳೋಕೆ ಪುಸ್ತಕವನ್ನ ಮುಂದಕ್ಕೆ ತಂದು, ನಿನ್ನೆಯನ್ನ ಹಿಂದಕ್ಕೆ ತಳ್ಳಬೇಕು.

"ತಬೆತೆ ಮಿರು": ತಿಂದು ನೋಡು. ಮಿರು ಅಂದ್ರೆ ನೋಡೋದು. ನಾಲಿಗೆಯ ಕೆಲಸಕ್ಕೆ ಕಣ್ಣಿನ ಪದ ಹಾಕೋದು ನಮ್ಮ ಹಾಗೆ ಅವರಿಗೂ ಸಹಜ. "ತಬೆತೆ ಶಿಮತ್ತ": ತಿಂದುಬಿಟ್ಟೆ. ಆ 'ಬಿಟ್ಟೆ'ಯಲ್ಲಿರೋ 'ಅಯ್ಯೋ' ಕೂಡ ಅಲ್ಲಿದೆ. "ಇಕು ತೊ ಇತ್ತ": ಹೋಗ್ತೀನಿ ಅಂತ ಅಂದ. ಆ 'ತೊ' ನಮ್ಮ 'ಅಂತ'.

(ಎರಡೂ ಅಣ್ಣತಮ್ಮ ಭಾಷೆ ಅಂತ ವಾಟ್ಸಾಪ್ ಸಂಶೋಧನೆ ಶುರು ಮಾಡಬೇಡಿ. ವಾಕ್ಯ ಕಟ್ಟೋ ರೀತಿ ಹತ್ತಿರ ಅಂತಷ್ಟೇ ನಾನು ಹೇಳ್ತಿರೋದು.)

ಇಷ್ಟು ಹತ್ತಿರದ ದಾರಿ ಇಟ್ಕೊಂಡು ನೀವೇನ್ ಮಾಡ್ತೀರ? ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಂಡು ಕೂರ್ತೀರ. ಅಲ್ಲಿ ಪಾತ್ರ ಕ್ರಿಯಾಪದವನ್ನ ಕೊನೆಗೆ ಇಟ್ಕೊಂಡಿದೆ, 'ಹೂಂ'ನೋ 'ಇಲ್ಲ'ನೋ ಅನ್ನೋದು ಕೊನೇ ಉಸಿರಲ್ಲಿ ಬರುತ್ತೆ, ಥೇಟ್ ನಮ್ಮಂಗೆ. ಕೆಳಗಿನ ಸಾಲು ಅದನ್ನ ಆಗಲೇ ಹೇಳಿ ಮುಗಿಸಿರುತ್ತೆ. ಕಿವಿಗೆ ಕೆಲಸವೇ ಇಲ್ಲ.

2016ರ 'ಕಿಮಿ ನೊ ನ ವ' ನೆನಪಿಸಿಕೊಳ್ಳಿ. ಹುಡುಗನ ಮೈಯಲ್ಲಿ ಸಿಕ್ಕಿಕೊಂಡ ಮಿತ್ಸುಹ ಅವನ ಫ್ರೆಂಡ್ಸ್ ಮುಂದೆ ವತಶಿ ಅಂತಾಳೆ, ವತಕುಶಿ ಅಂತಾಳೆ, ಬೊಕು ಅಂತಾಳೆ. ಅವರ ಮುಖ ಸೊಟ್ಟಗೇ ಇರುತ್ತೆ. 'ಓರೆ' ಅಂದಾಗ ತಲೆ ಆಡಿಸ್ತಾರೆ. ನಾಲ್ಕೂ 'ನಾನು'ವೇ. ಇಂಗ್ಲಿಷಲ್ಲಿ ಇರೋದು ಒಂದೇ 'ಐ'. ನಮ್ಮಲ್ಲೂ 'ನಾನು' ಒಂದೇ, ಒಪ್ಪಿದೆ. ಆದ್ರೆ ಬಾ, ಬನ್ನಿ, ಬಾರೋ ಅಂತ ಆಳು ನೋಡಿ ಮಾತು ಬದಲಿಸೋದು ನಮಗೆ ಯಾರೂ ಕ್ಲಾಸಲ್ಲಿ ಹೇಳಿಕೊಟ್ಟಿದ್ದಲ್ಲ.

ಈಗ ರೌಡಿ ಪಾರ್ಟಿಗೆ. ನೀವು ಹೇಳೋದರಲ್ಲಿ ಹುರುಳಿದೆ. ಪಾತ್ರಕ್ಕೆ ಅಂಟಿಸಿದ ಇಂಥ ಭಾಷೆಗೆ ಜಪಾನಲ್ಲಿ 'ಯಕುವರಿಗೊ' ಅಂತ ಹೆಸರೇ ಇದೆ. ಕಿನ್ಸುಯಿ ಸತೋಶಿ ಅನ್ನೋ ಭಾಷಾಶಾಸ್ತ್ರಜ್ಞರು 2003ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ್ರು. ಮುದುಕ ವಿಜ್ಞಾನಿ 'ವಶಿ' ಅನ್ನೋದು, ಗೊಕು 'ಓರ' ಅನ್ನೋದು ಎಲ್ಲಾ ಅದೇ. ಆದ್ರೆ ಪೌರಾಣಿಕ ಸಿನಿಮಾ ನೋಡಿ ಬೆಳೆದ ನಮ್ಮಲ್ಲಿ ಯಾರಾದ್ರೂ ಬಸ್ ಕಂಡಕ್ಟರ್‌ಗೆ "ಎಲೈ ಸಾರಥಿ" ಅಂದಿದ್ದುಂಟಾ? ಬೇರೆ ಕನ್ನಡವೂ ಕಿವಿಗೆ ಬಿದ್ದಿದ್ದರಿಂದ ಅನ್ನಲಿಲ್ಲ, ಅಷ್ಟೇ. ಹಾಗೇ ಬೇರೆ ಅನಿಮೆಯೂ ನೋಡಿ. 1969ರಿಂದ ಟಿವಿಯಲ್ಲಿ ಬರ್ತಿರೋ 'ಸಝಾಎ-ಸಾನ್' ಪಕ್ಕಾ ಮನೆಮಂದಿ ಮಾತು. 'ಶಿರೊಕುಮ ಕೆಫೆ'ಯಲ್ಲಿ ಕರಡಿ, ಪಾಂಡಾ, ಪೆಂಗ್ವಿನ್ ಕೂತು ಹರಟೆ ಹೊಡೆಯುತ್ವೆ. ಕತ್ತಿ ಇಲ್ಲ, ಶಾಪ ಇಲ್ಲ.

ನರುಟೊ ಪಾರ್ಟಿಗೆ ಒಂದೇ ಪ್ರಶ್ನೆ. ಮಾತಿನ ಕೊನೆಗೆ 'ದತ್ತೆಬಯೊ' ಸೇರಿಸೋದು ಬಿಟ್ಟು, "ನಿನ್ನೆ ಮಳೆ ಬಂತು, ಅದಕ್ಕೆ ಬರಲಿಲ್ಲ" ಅಂತ ಹೇಳಿ ನೋಡೋಣ. ಬರ್ತಿಲ್ವಾ? ಹಾಗಾದ್ರೆ ನೀವು ಅಷ್ಟು ಎಪಿಸೋಡ್ ಕೇಳಿಲ್ಲ, ಓದಿದೀರ. ಅದೂ ಇಂಗ್ಲಿಷ್.

ಜೆಎಲ್‌ಪಿಟಿಯಲ್ಲಿ 180ಕ್ಕೆ 60 ಅಂಕ ಬರೀ ಕೇಳೋದಕ್ಕೆ. ಕಾಂಜಿಯನ್ನಂತೂ ಅನಿಮೆ ಕಲಿಸಲ್ಲ, ವ್ಯಾಕರಣದ ಪುಸ್ತಕವೂ ಬೇಕೇ ಬೇಕು, ಆ ಸಾಲು ಗೀಚೋ ಕೆಲಸದಿಂದ ಯಾರಿಗೂ ವಿನಾಯಿತಿ ಇಲ್ಲ. ಆದ್ರೆ ನೋಡಿ ಮುಗಿದ ಎಪಿಸೋಡಿನ ಎರಡೇ ನಿಮಿಷ ತಗೊಳ್ಳಿ. ಸಬ್‌ಟೈಟಲ್ ತೆಗೀರಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಕನ್ನಡದಲ್ಲಿ ಹೇಳಿ. ನೋಟ್ಸಲ್ಲೂ ಅರ್ಥ ಕನ್ನಡದಲ್ಲೇ ಬರೀರಿ. ನಿಮ್ಮೂರ ಕನ್ನಡದಲ್ಲಿ ಬರೆದ್ರೆ ಇನ್ನೂ ಒಳ್ಳೇದು, 'ಹೋಗಿಬಿಟ್ಟ'ವೋ 'ಹೋಗ್ಬುಟ್ಟ'ವೋ, ಯಾವುದಾದ್ರೂ ಸರಿ.

ಡಿಎಂ ಮಾಡಿದವರೇ, ಇವತ್ತು ರಾತ್ರಿ ಶಿರೊಕುಮ ಕೆಫೆ ಮೊದಲ ಎಪಿಸೋಡ್. ಎಷ್ಟು ವಾಕ್ಯ ಸಿಕ್ತು ಅಂತ ನಾಳೆ ಹೇಳಿ.