ಕಲೆಗೆ ಜಾತಿ ಇಲ್ಲ, ಸರಿ. ಕಟ್ಟಿಗೆ?



"ಕಲೆಗೆ ಜಾತಿ ಇಲ್ಲ" ಅನ್ನೋ ಮಾತನ್ನ ಈ ಎರಡು ವಾರದಾಗ ನಾಲ್ಕು ಮಂದಿ ನನಗ ಹೇಳ್ಯಾರ. ನಾಲ್ವರೂ ಕೆಟ್ಟವರಲ್ಲ. ಒಬ್ಬರು ಕಾಲೇಜಿನ ಸರ್, ಒಬ್ಬರು ಪತ್ರಕರ್ತರು, ಇನ್ನಿಬ್ಬರು ನಮ್ಮ ಜೋಡಿ ತಹಶೀಲ್ದಾರ್ ಕಚೇರಿ ಮುಂದ ಧರಣಿ ಕುಂತವರು. ಹೆಸರು ಹೇಳಂಗಿಲ್ಲ. ಓದಿದ ಕೂಡಲೆ ಅವರಿಗೇ ತಿಳಿತದ.

ವಿಷಯ ಇಷ್ಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಹಾಸ್ಟೆಲ್ ಹುಡುಗ ಹುಡುಗಿಯರು ಕೂಡಿ ಏಪ್ರಿಲ್ 14ಕ್ಕೆ ಒಂದು ವಿಡಿಯೊ ಹಾಡು ಮಾಡಾಕ ಹೊಂಟಾರ. ಹಾಡು ಬರೆದಾಕಿ ಬಿ.ಎ. ಓದೋ ಹುಡುಗಿ. ಟ್ರ್ಯಾಕ್ ರೆಡಿ ಐತಿ. ಕ್ಯಾಮೆರಾ ಅಂದ್ರ ಎರಡು ಫೋನು, ಬಾಡಿಗಿ ತಂದ ಒಂದು ಜಿಂಬಲ್. ಲೊಕೇಶನ್ ಪಟ್ಟಿಯೊಳಗ ನಾಲ್ಕೇ ಸಾಲು: ಹೊಳಿ ದಂಡಿ, ಊರ ಅಗಸಿ, ಅಗಸಿ ಮುಂದಿನ ಕಟ್ಟಿ, ಡಾಂಬರ್ ರಸ್ತೆ ಮ್ಯಾಲ ಮೂರು ಬೈಕ್. ಈ ಪಟ್ಟಿ ನೋಡಿದ್ದೇ ತಡ, ಹಿತೈಷಿಗಳು ಬೆವತು ಹೋದರು. ಕಟ್ಟಿ ಯಾಕ ಬೇಕು? ಕಾಲೇಜ್ ಗ್ರೌಂಡ್ ಇಲ್ಲೇನು? ಹಾಡು ಚಲೋ ಐತಿ, ಅದನ್ನ ಜಗಳದ ಸಾಮಾನು ಮಾಡಬ್ಯಾಡ್ರಿ. ಕಲೆಗೆ ಜಾತಿ ಇಲ್ಲ.

ಕಲೆಗೆ ಜಾತಿ ಇಲ್ಲ ಅಂತ ಒಪ್ಪಿದೆ. ಕಟ್ಟಿಗೆ ಐತಿ. ಅದನ್ನ ನೀವು ನನಗಿಂತ ಚೆನ್ನಾಗಿ ಬಲ್ಲಿರಿ, ಅದಕ್ಕೇ ಗ್ರೌಂಡಿಗೆ ಹೋಗ್ರಿ ಅಂತ ಹೇಳಾಕತ್ತೀರಿ.

ಯೂಟ್ಯೂಬ್‌ನಾಗ ಉತ್ತರ ಕರ್ನಾಟಕ ಜಾನಪದ ಹಾಡು ಅಂತ ಹುಡುಕಿ ನೋಡ್ರಿ. ಸಾವಿರಗಟ್ಟಲೆ ಬರ್ತಾವ. ಜಾತ್ರಿಯಾಗ, ಕಬ್ಬಿನ ಟ್ರ್ಯಾಕ್ಟರಿನ್ಯಾಗ, ಮದುವಿ ಡಿಜೆದಾಗ ಬಡಿಯೋವು ಅವೇ. ಹುಡುಗ ಬೈಕ್ ಮ್ಯಾಲ ಬರ್ತಾನ, ಗೆಳೆಯರು ಕಟ್ಟಿ ಮ್ಯಾಲ ಕುಂತು ಕಾಲು ಅಲ್ಲಾಡಸ್ತಾರ, ಹುಡುಗಿ ಹೊಳಿ ದಂಡಿಗೆ ನಿಂತು ತಿರುಗಿ ನೋಡ್ತಾಳ. ಬೈಕ್, ಕಟ್ಟಿ, ಹೊಳಿ. ನಮ್ಮ ಹುಡುಗರ ಪಟ್ಟಿಯೂ ಅದೇ. ಹೊಸದೇನೂ ಕೇಳಿಲ್ಲ ಅವರು. ಆ ಹಾಡುಗಳಾಗ ನಮ್ಮ ಓಣಿಯ ಹುಡುಗರೂ ಹಾಡ್ಯಾರ, ಕುಣಿದಾರ. "ನೀ ನನ್ನ ಬಿಟ್ಟು ಹ್ವಾದಿ" ಅಂತ ಅಳೋತನ ಯಾರೂ ಯಾವ ಓಣಿ ಅಂತ ಕೇಳಂಗಿಲ್ಲ. ಹಾಡಿನ್ಯಾಗ ಬಾಬಾಸಾಹೇಬರ ಹೆಸರು ಬಂದ ಕೂಡಲೆ ಕೇಳ್ತಾರ. ಅಲ್ಲಿಗೆ ಅದು ಪ್ರಚೋದನೆ ಆಗ್ತದ, ಶಾಂತಿ ಕದಡೋದು ಆಗ್ತದ.

ಈಗ ಬೈಕಿನ ಮಾತು, ಕಟ್ಟಿ ಮಾತು. ಬೇರೆ ರಾಜ್ಯಕ್ಕ ಹೋಗೋದು ಬ್ಯಾಡ, ನಮ್ಮ ಜಿಲ್ಲಾದಾಗೇ ಇರೋಣ. 2020ರ ಜುಲೈ. ಮೊದಲು ಮುದ್ದೇಬಿಹಾಳ ತಾಲೂಕಿನ್ಯಾಗಿದ್ದ, ಈಗ ತಾಳಿಕೋಟಿ ತಾಲೂಕಿನ ಮಿಣಜಗಿ. ಮೇಲ್ಜಾತಿಯವನ ಬೈಕ್ ಮುಟ್ಟಿದ ಅಂತ ಒಬ್ಬ ದಲಿತನನ್ನ ಬಟ್ಟಿ ಕಳಚಿ ಹೊಡೆದ ಪ್ರಕರಣ ದಾಖಲಾತು. ಮರುತಿಂಗಳು, ಆಗಸ್ಟ್. ಸಿಂದಗಿ ತಾಲೂಕಿನ ಹಳ್ಳಿಯೊಂದರಾಗ ದಲಿತ ಯುವಕನ ಕೊಲೆ. ಗುಡಿ ಕಟ್ಟಿ ಮ್ಯಾಲ ಕುಂತದ್ದೇ ಅದಕ್ಕ ಕಾರಣ ಅಂತ ಮನಿಯವರ ದೂರು. ಒಂದು ಬೈಕು, ಒಂದು ಕಟ್ಟಿ, ಎರಡು ತಿಂಗಳು, ಒಂದೇ ಜಿಲ್ಲಾ.

ಹಾಡಿನ ಮಾತು ಬೇಕಂದ್ರ ಅದೂ ಐತಿ. 2015ರ ಮೇ ತಿಂಗಳದಾಗ ಶಿರಡಿಯೊಳಗ ನರ್ಸಿಂಗ್ ಓದೋ ದಲಿತ ಹುಡುಗನ ಕೊಲೆ ಆತು. ಅವನ ಫೋನಿನ ರಿಂಗ್‌ಟೋನ್ ಬಾಬಾಸಾಹೇಬರ ಹಾಡಾಗಿತ್ತು, ಜಗಳ ಹುಟ್ಟಿದ್ದು ಅಲ್ಲಿಂದ. ಅವ ಹಾಡಿರಲಿಲ್ಲ, ಶೂಟಿಂಗ್ ಮಾಡಿರಲಿಲ್ಲ. ಫೋನ್ ಬಂದಿತ್ತು, ಅಷ್ಟೇ.

ಇದನ್ನೆಲ್ಲ ಕೇಳಿ ಹಿತೈಷಿಗಳು ಹೇಳ್ತಾರ: "ನೋಡ್ರಿ, ಅದಕ್ಕೇ ಬ್ಯಾಡ ಅಂದಿದ್ವಿ." ನಾನು ಇದೇ ಕಾರಣಕ್ಕ ಬೇಕು ಅಂತೀನಿ. ಮಿಣಜಗಿಯ ಹೊಡೆತದ ವಿಡಿಯೊ ದೇಶಾ ಎಲ್ಲಾ ನೋಡ್ತು. ನಮ್ಮ ಜಿಲ್ಲಾದ ದಲಿತರು ದೇಶದ ಕಣ್ಣಿಗೆ ಬಿದ್ದದ್ದು ಹಂಗ, ಬೈಕಿನ ಬಾಜೂಕ ನೆಲಕ್ಕ ಬಿದ್ದು. ಕ್ಯಾಮೆರಾ ಹಿಡಿದ ಕೈ ನಮ್ಮದಾಗಿರಲಿಲ್ಲ. ಆವಾಗ ಏಳನೆತ್ತೋ ಎಂಟನೆತ್ತೋ ಓದ್ತಿದ್ದ ಹುಡುಗರು ಈಗ ಡಿಗ್ರಿಗೆ ಬಂದಾರ. ಬೈಕಿನ ಮ್ಯಾಲ ಕುಂತು ಹಾಡೋ ತಮ್ಮ ಮಾರಿಯನ್ನ ತಾವೇ ತೆಗೀತೀವಿ ಅಂತಾರ. ಇದನ್ನ ನೀವು ಗ್ರೌಂಡಿಗೆ ಕಳಸ್ತೀರಿ. ಗ್ರೌಂಡಿನ್ಯಾಗ ಏನೈತಿ? ಒಂದು ವಾಲಿಬಾಲ್ ಕಂಬ, ಎರಡು ನೀಲಗಿರಿ ಗಿಡ.

ಹೊಳಿ ಯಾಕ ಅಂತಲೂ ಕೇಳ್ಯಾರ. ಇದಕ್ಕ ಆ ಹುಡುಗಿ ಕೊಟ್ಟ ಉತ್ತರ ನನ್ನ ತಲಿಗೆ ಹೊಳೆದಿರಲಿಲ್ಲ. ಇಂಡಿ, ಸಿಂದಗಿ ತಾಲೂಕಿನ ಅಂಚಿಗೆ ಹರಿಯೋದು ಭೀಮಾ. ಇದೇ ಭೀಮಾ ಪುಣೆ ಕಡೆ ಕೋರೆಗಾಂವದ ಮಗ್ಗಲಾಗ ಹರಿದು, ಪಂಢರಪುರ ದಾಟಿ, ಸೊಲ್ಲಾಪುರ ಗಡಿಗುಂಟ ನಮ್ಮ ಕಡೆ ಬರ್ತದ. 1818ರ ಜನವರಿ 1ರಂದು ಮಹಾರ್ ಸೈನಿಕರು ಕಾದಾಡಿದ ಹೊಳಿ ದಂಡಿಗೆ ಪ್ರತಿ ವರ್ಷ ನಮ್ಮ ಮಂದಿ ಗಾಡಿ ಮಾಡಿಕೊಂಡು ಹೋಗ್ತಾರ. "ಅಲ್ಲಿಗೆ ಹೋಗಾಕ ನನ್ನ ಕಡೆ ರೊಕ್ಕ ಇಲ್ಲರೀ ಅಣ್ಣಾ, ಆ ನೀರು ನಮ್ಮ ಕಡೆ ಬರ್ತದಲ್ಲ, ಇಲ್ಲೇ ನಿಂತು ಹಾಡ್ತೀನಿ" ಅಂದಳು. ಇಂಥಾ ವಿಚಾರ ಇರೋ ಹುಡುಗಿಗೆ ಜಾಗಾ ಬದಲು ಮಾಡು ಅಂತ ಯಾವ ಬಾಯಿಲೆ ಹೇಳೋದು?

ಎರಡನೇ ಜಾಗಾ ಕೃಷ್ಣಾ. ಮುದ್ದೇಬಿಹಾಳ ಕಡೆ ನಾರಾಯಣಪುರದ ಹಿನ್ನೀರು, ಬಾಗೇವಾಡಿ, ನಿಡಗುಂದಿ ಕಡೆ ಆಲಮಟ್ಟಿ ಹಿನ್ನೀರು. ಎರಡು ನದಿ ನಡುವಿನ ನಾಲ್ಕು ತಾಲೂಕು ಒಂದು ಹಾಡಿನ್ಯಾಗ ಬರಬೇಕು ಅನ್ನೋದು ಅವರ ಪ್ಲ್ಯಾನು. ಇಂಡಿಯ ಲಿಂಬಿ ತ್ವಾಟನೂ ಇರಲಿ ಅಂತ ಒಬ್ಬ ಹುಡುಗ ಹೇಳ್ಯಾನ. ಇಂಡಿ ಲಿಂಬಿಗೆ 2023ರಾಗ ಜಿಐ ಟ್ಯಾಗ್ ಬಂತು, ಪೇಪರಿನ್ಯಾಗ ಹಣ್ಣಿನ ಫೋಟೊ ಬಂತು. ಲಿಂಬಿ ಹರಿಯಾಕ ಕೂಲಿಗೆ ಹೋಗೋ ಅವನವ್ವನ ಮುಳ್ಳು ಗೀರಿದ ಕೈ ಬರಲಿಲ್ಲ. ಅವ ಆ ಕೈ ತೆಗೀಬೇಕಂತಾನ. ತ್ವಾಟ ಖಾಸಗಿ, ಮಾಲೀಕರನ್ನ ಕೇಳಬೇಕು, ಕೇಳ್ಯಾರ. ಅವರು ಖುಷಿಲೆ ಹೂಂ ಅಂದಾರ. ಎಲ್ಲರೂ ಒಂದೇ ಥರ ಇರಂಗಿಲ್ಲ, ಅದನ್ನೂ ಬರೀಬೇಕು.

ಆದ್ರ ಲೊಕೇಶನ್ ನೋಡಾಕ ಹೋದಾಗ ಒಂದು ಊರಾಗ ಆದದ್ದು ಇದು. ಊರಿನ ಹೆಸರು ಬರೆಯೋದಿಲ್ಲ, ಹುಡುಗರು ಅದೇ ದಾರಿಲೆ ಕಾಲೇಜಿಗೆ ಹೋಗ್ಬೇಕು. ಅಗಸಿ ಮುಂದ ನಿಂತು ಫೋನ್ ಎತ್ತಿ ಫ್ರೇಮ್ ನೋಡಾಕತ್ತಿದ್ರು. ಇಬ್ಬರು ಬಂದು ಏನ್ ಶೂಟಿಂಗು ಅಂದ್ರು. ಹಾಡು ಅಂದ್ರು. ಚಲೋ ಆತು, ಯಾವ ಹಾಡು ಅಂದ್ರು. ಹೇಳಿದ್ರು. ಆಮ್ಯಾಲ ಬಂದ ಪ್ರಶ್ನಾ: "ಪರ್ಮಿಷನ್ ತಗೊಂಡೀರೇನು?" ಐದು ನಿಮಿಷದ ಹಿಂದ ಪರ್ಮಿಷನ್ ಮಾತೇ ಇರಲಿಲ್ಲ. "ಹಿರೇರನ್ನ ಕೇಳ್ರಿ" ಅಂತ ಹೇಳಿ ಕಳಿಸಿದ್ರು. ಬೈದಿಲ್ಲ, ಕೈ ಎತ್ತಿಲ್ಲ. ಹಂಗ ನೋಡಿದ್ರ ಭಾಳ ಮರ್ಯಾದಿಲೆ ಮಾತಾಡ್ಯಾರ. ಈ ಮರ್ಯಾದಿಯನ್ನೇ ನೀವು ಶಾಂತಿ ಅಂತ ಕರೀತೀರಿ.

ಪರ್ಮಿಷನ್ ಯಾರದು ಬೇಕು, ಯಾರದು ಬ್ಯಾಡ ಅನ್ನೋದನ್ನ ಹುಡುಗರು ಸರಿಯಾಗಿ ತಿಳ್ಕೋಬೇಕು. ಆಲಮಟ್ಟಿ ಡ್ಯಾಮಿನ ಹತ್ರ ಡ್ರೋನ್ ಎತ್ತಬ್ಯಾಡ್ರಿ. ಅದು ಭದ್ರತಾ ವಿಷಯ, ಎಲ್ಲಾ ಜಾತಿಗೂ ಅದೇ ನಿಯಮ. ಗೋಲಗುಂಬಜದಂಥ ಪುರಾತತ್ವ ಇಲಾಖೆ ಸ್ಮಾರಕದಾಗ ತೆಗೀಬೇಕಂದ್ರ ಅವರ ಅನುಮತಿ ಬೇಕು. ರಸ್ತೆ ಬಂದ್ ಮಾಡಿ ತೆಗೆಯೋದಾದ್ರ ಪೊಲೀಸರಿಗೆ ಹೇಳ್ಬೇಕು. ಪಂಚಾಯತಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಇಸ್ಕೊಳ್ರಿ, ಕಾಗದ ಕೈಯಾಗಿದ್ರ ಬಲ. ಆದ್ರ ಹೊಳಿ ದಂಡಿಗೆ ನಿಂತು ಫೋನಿನ್ಯಾಗ ಹಾಡು ತೆಗೆಯಾಕ ಊರ ಹಿರೇರ ಪರ್ಮಿಷನ್ ಅನ್ನೋದು ಯಾವ ಕಾನೂನಿನ್ಯಾಗೂ ಇಲ್ಲ.

ಕಾನೂನಿನ್ಯಾಗ ಇರೋದು ಬೇರೆ. ಸಂವಿಧಾನದ 15(2)ನೇ ವಿಧಿ ಓದ್ರಿ. ಸರ್ಕಾರದ ಹಣದಿಂದ ನಡೆಯೋ, ಇಲ್ಲಾ ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರೋ ಜಾಗಾ, ಯಾವುದಕ್ಕೂ ಜಾತಿ ಹೆಸರಿಲೆ ತಡೆಯಂಗಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಾಗ ತಿದ್ದುಪಡಿ ಆತು, 2016ರ ಜನವರಿ 26ರಿಂದ ಜಾರಿ ಐತಿ. ಅದರ ಕಲಂ 3(1)ರ ಝಡ್‌ಎ ಉಪಕಲಂ ಓದಿದ್ರ ನಮ್ಮ ಹುಡುಗರ ಲೊಕೇಶನ್ ಪಟ್ಟಿ ನೋಡಿಯೇ ಬರೆದಂಗ ಐತಿ. ನದಿ, ಹಳ್ಳ, ಬಾವಿ, ಕೆರೆ, ರಸ್ತೆ. ಸೈಕಲ್, ಮೋಟಾರ್ ಸೈಕಲ್ ಹತ್ತೋದು. ಚಪ್ಪಲಿ, ಹೊಸ ಬಟ್ಟಿ ಹಾಕೋದು. ಸಾರ್ವಜನಿಕರಿಗೆ ತೆರೆದ ಗುಡಿಗೆ ಹೋಗೋದು. ಇವನ್ನ ತಡೆದ್ರ ಆರು ತಿಂಗಳಿಂದ ಐದು ವರ್ಷದತನಾ ಶಿಕ್ಷಾ. ದೇಶದ ಸಂಸತ್ತು ಕುಂತು, ಒಬ್ಬ ಮನುಷ್ಯ ಮೋಟಾರ್ ಸೈಕಲ್ ಹತ್ತೋದನ್ನ ತಡೆಯಬಾರದು ಅಂತ ಬರೆಯೋ ಪರಿಸ್ಥಿತಿ ಯಾಕ ಬಂತು ಅಂತ "ಕಲೆಗೆ ಜಾತಿ ಇಲ್ಲ" ಅನ್ನೋರು ಒಮ್ಮೆ ವಿಚಾರ ಮಾಡ್ಲಿ.

ಇನ್ನೊಂದು ತಮಾಷೆ. ನಾವು ಅಗಸಿಗೆ ಹೋಗಬಾರದು, ಆದ್ರ ಅವರು ನಮ್ಮ ಓಣಿಗೆ ಬರಬಹುದು! "ರಾ ಲುಕ್" ಬೇಕಂತ. ತಗಡಿನ ಮನಿ, ಗಟಾರ, ಕೆಮ್ಮೋ ಮುದುಕ, ಮೂಗಿನ್ಯಾಗ ಸಿಂಬಳ ಇರೋ ಕೂಸು. ಶಾರ್ಟ್ ಫಿಲ್ಮ್ ಮಾಡೋರು ಬರ್ತಾರ, ಪ್ರಾಜೆಕ್ಟ್ ಅಂತ ಪೇಟೆ ಕಾಲೇಜಿನವರು ಬರ್ತಾರ. ಯಾರನ್ನೂ ಕೇಳಂಗಿಲ್ಲ. ನಮ್ಮ ಓಣಿ ಯಾರಿಗೆ ಬೇಕಾದ್ರೂ ತೆರೆದ ಸೆಟ್.

ಹಲಗಿ ಕಥೀನೂ ಇದೇ. ಈಗ ಹಲಗಿ ಇಲ್ದ ಹಾಡಿಲ್ಲ. ಹೋಳಿಗೆ ಹಲಗಿ, ಜಾತ್ರಿಗೆ ಹಲಗಿ, ಮಂತ್ರಿ ಮೆರವಣಿಗಿಗೆ ಹಲಗಿ. ಚರ್ಮ ಹದ ಮಾಡಿದ ಕೈ, ಬಡಿದ ಕೈ ಯಾವ ಹಾಡಿನ ಕೆಳಗ ಹೆಸರಾಗಿ ಬಂದದ? ಸಿಂಗರ್ ಹೆಸರು, ಮ್ಯೂಸಿಕ್, ಎಡಿಟಿಂಗ್, ಡ್ರೋನ್ ಹಾರಿಸಿದವನ ಹೆಸರು, ಊಟ ಹಾಕಿಸಿದ ಧಣಿಗೆ ವಿಶೇಷ ಕೃತಜ್ಞತೆ. ಹಲಗಿ ಬಡಿದವ "ಮತ್ತು ತಂಡ". ಇದು ಸಣ್ಣ ಊರಿನ ರೋಗ ಅಷ್ಟೇ ಅಂತ ತಿಳೀಬ್ಯಾಡ್ರಿ. 2021ರಾಗ ತಮಿಳಿನ "ಎಂಜಾಯ್ ಎಂಜಾಮಿ" ಜಗತ್ತೆಲ್ಲ ಕುಣಿಸ್ತು. ಅದನ್ನ ಬರೆದು ಹಾಡಿದ ದಲಿತ ಕಲಾವಿದ ಅರಿವು ಅವರನ್ನ ಬಿಟ್ಟು ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆ ಆ ವರ್ಷ ಆಗಸ್ಟ್‌ದಾಗ ಮುಖಪುಟ ಮಾಡ್ತು. ಪ. ರಂಜಿತ್ ಬಹಿರಂಗವಾಗೇ ಪ್ರಶ್ನಾ ಮಾಡಬೇಕಾತು. ಅಷ್ಟು ದೊಡ್ಡ ಹೆಸರಿಗೇ ಹಿಂಗಾದ್ರ ನಮ್ಮ ಓಣಿಯ ಮುತ್ಯಾನ ಪಾಡೇನು? ಅದಕ್ಕ ಹುಡುಗರಿಗೆ ನನ್ನ ಷರತ್ತು ಒಂದೇ. ಹಲಗಿಯವರ ಹೆಸರು ಹಾಡಿನ ಮೊದಲಿಗೇ ಬರಬೇಕು, ಅವರ ಪಗಾರ ಶೂಟಿಂಗ್ ಮುಗಿದ ಮ್ಯಾಲ ಅಲ್ಲ, ಮುಂಜಾನೆ ಕೋಲು ಹಿಡಿಯೋ ಮೊದಲ ಕೈಗೆ ಬೀಳಬೇಕು.

ನಮ್ಮೊಳಗಿನ ಹಿರಿಯರಿಗೂ ಒಂದು ಮಾತು. "ಹಾಡು ಗೀಡು ಬಿಟ್ಟು ಪಿಎಸ್‌ಐ ಪರೀಕ್ಷೆಗೆ ಓದ್ರಿ" ಅಂತೀರಿ. ಓದಲಿ, ಯಾರು ಬ್ಯಾಡ ಅಂದ್ರು? ಆದ್ರ ನೀವು ಚಳವಳಿಗೆ ಬಂದದ್ದು ಹೆಂಗ? ಪುಸ್ತಕ ಓದಿ ಬಂದವರು ಎಷ್ಟು ಮಂದಿ, ಹಾಡು ಕೇಳಿ ಬಂದವರು ಎಷ್ಟು ಮಂದಿ? 1975ರಾಗ ಸಿದ್ದಲಿಂಗಯ್ಯನವರ "ಹೊಲೆಮಾದಿಗರ ಹಾಡು" ಬಂತು. ದಲಿತ ಸಂಘರ್ಷ ಸಮಿತಿಯ ಸಭಾದಾಗ ಭಾಷಣ ಸುರು ಆಗೋ ಮೊದಲ ಮಂದಿ ಕೂಡಿಸಿದ್ದು ಹಾಡೇ. ಪಕ್ಕದ ಮಹಾರಾಷ್ಟ್ರದಾಗ 1930ರ ದಶಕದಾಗೇ ಭೀಮರಾವ್ ಕರ್ಡಕ್ ಅಂಥವರು ಜಲಸಾ ಕಟ್ಟಿಕೊಂಡು ಹಳ್ಳಿ ತಿರುಗಿದ್ರು. ಅವರ ಕಡೆ ಇದ್ದದ್ದು ಡೋಲಕಿ. ಇವರ ಕಡೆ ಫೋನ್ ಐತಿ, ಅಷ್ಟೇ ಫರಕು.

ಬಸವನ ಬಾಗೇವಾಡಿಯವರಿಗಂತೂ ಕೇಳಲೇಬೇಕು. 2024ರ ಜನವರಿಯಾಗ ಸರ್ಕಾರ ಬಸವಣ್ಣನವರನ್ನ ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತ ಘೋಷಣಾ ಮಾಡ್ತು. ಪೇಢೆ ಹಂಚಿದ್ವಿ, ನಾನೂ ತಿಂದೆ. ಮಾದಾರ ಚೆನ್ನಯ್ಯನನ್ನ, ಡೋಹರ ಕಕ್ಕಯ್ಯನನ್ನ ತನ್ನ ಬಳಗ ಅಂತ ಕರೆದವರು ಹುಟ್ಟಿದ ನೆಲ ಅದು. ಆ ಕಕ್ಕಯ್ಯನ ಕುಲದ ಹುಡುಗಿ ಆ ತಾಲೂಕಿನ ಒಂದು ಕಟ್ಟಿ ಮ್ಯಾಲ ನಿಂತು ಮೂರು ನಿಮಿಷ ಹಾಡಿದ್ರ ಸಂಸ್ಕೃತಿ ಯಾಕ ಅಲ್ಲಾಡ್ತದ?

ಹುಡುಗರೇ, ಈಗ ನಿಮಗ. ಹತ್ತು ಮಂದಿಗಿಂತ ಕಡಿಮಿ ಹೋಗಬ್ಯಾಡ್ರಿ. ಹುಡುಗಿಯರ ಮನಿಯವರಿಗೆ ಜಾಗಾ, ಟೈಮ್ ಎರಡೂ ಹೇಳಿ ಹೋಗ್ರಿ, ಬಟ್ಟಿ ಬದಲಾಯಿಸಾಕ ಸಮೀಪದ ನಮ್ಮವರ ಮನಿ ಗೊತ್ತು ಮಾಡಿಟ್ಕೊಳ್ರಿ. ಒಂದು ಫೋನು ಹಾಡು ತೆಗೀಲಿ, ಇನ್ನೊಂದು ಸುತ್ತಲಿನದನ್ನ ತೆಗೀತಾ ಇರಲಿ, ಅದನ್ನ ಬಂದ್ ಮಾಡಬ್ಯಾಡ್ರಿ. ಯಾರರೆ ಬಂದು ಬೈದ್ರ ತಿರುಗಿ ಬೈಬ್ಯಾಡ್ರಿ, ರೆಕಾರ್ಡ್ ಆಗಲಿ. ಕೇಸ್ ಆದ್ರ ತನಿಖೆ ಮಾಡಬೇಕಾದವರು ಡಿವೈಎಸ್‌ಪಿ ದರ್ಜೆಯವರು ಅನ್ನೋದು ನೆನಪಿರಲಿ, ಠಾಣೆಯಾಗ "ರಾಜಿ ಆಗ್ರಿ" ಅಂದ್ರ ಹೂಂ ಅನಬ್ಯಾಡ್ರಿ. ಹತ್ತು ಗಂಟೆ ಮ್ಯಾಲ ನಮ್ಮ ಬಿಸಿಲಿಗೆ ಮಾರಿ ಮ್ಯಾಲ ಬರೇ ನೆರಳು ಬೀಳ್ತದ, ಫೋನೂ ಕಾದು ಕೆಂಡ ಆಗ್ತದ, ಏನ್ ತೆಗೆಯೋದಿದ್ರೂ ಅದಕ್ಕಿಂತ ಮೊದಲ ಮುಗಿಸ್ರಿ.

"ಕಲೆಗೆ ಜಾತಿ ಇಲ್ಲ" ಅಂದ ನಾಲ್ವರಿಗೂ ಆಮಂತ್ರಣ ಐತಿ. ಭಾಷಣ ಮಾಡೋದು ಬ್ಯಾಡ. ಕ್ಯಾಮೆರಾ ಹಿಂದ ಬಂದು ನಿಲ್ರಿ, ನಿಮ್ಮನ್ನ ನೋಡಿದ್ರ ಊರವರು ಪರ್ಮಿಷನ್ ಕೇಳಂಗಿಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು. ಮೊದಲನೇ ದಿನ ಭೀಮಾ ದಂಡಿ. ಸೂರ್ಯ ಹುಟ್ಟೋದು ಆರೂಕಾಲಕ್ಕ, ನೀವು ಐದಕ್ಕೇ ಇರ್ರಿ. ಹೊಳಿ ತಂಪಿಗೆ ಹಲಗಿ ಸಡಲ ಆಗ್ತದ, ಬೆಂಕಿಗೆ ಕಾಸಬೇಕು. ಬರೋರು ಒಂದ್ ಹೊರಿ ಒಣ ಹುಲ್ಲು ತರ್ರಿ.

ಜೈ ಭೀಮ್.